ಎಸ್‌ಆರ್-೨೨

ಎಸ್‌ಆರ್-೨೨ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಬಹುಪಾಲು ರಾಜ್ಯಗಳಲ್ಲಿ ಬಳಕೆಯಲ್ಲಿರುವ ಒಂದು ಪ್ರಮಾಣಪತ್ರವಾಗಿದೆ. ಗಂಭೀರ ಸಂಚಾರ ಅಪರಾಧ ಎಸಗಿದ ಅಥವಾ ವಿಮೆಯಿಲ್ಲದೆ ವಾಹನ ಓಡಿಸಿ ಸಿಕ್ಕಿಬಿದ್ದ ಚಾಲಕರ ಬಳಿ ಕಾನೂನು ವಿಧಿಸುವ ಕನಿಷ್ಠ ಹೊಣೆಗಾರಿಕೆ ವಿಮೆ ಜಾರಿಯಲ್ಲಿದೆ ಎಂಬುದನ್ನು ಅವರ ವಿಮಾ ಕಂಪನಿಯು ಈ ಪತ್ರದ ಮೂಲಕ ರಾಜ್ಯ ಸರ್ಕಾರಕ್ಕೆ ದೃಢಪಡಿಸುತ್ತದೆ. ಹೆಸರಿನಲ್ಲಿರುವ ‘ಎಸ್‌ಆರ್’ ಎಂಬುದು ‘ಸೇಫ್ಟಿ ರೆಸ್ಪಾನ್ಸಿಬಿಲಿಟಿ’, ಅಂದರೆ ಸುರಕ್ಷತಾ ಹೊಣೆಗಾರಿಕೆ ಎಂಬುದರ ಸಂಕ್ಷಿಪ್ತ ರೂಪ. ೨೨ ಎಂಬುದು ನಮೂನೆಯ ಸಂಖ್ಯೆ.

ಆಡುಮಾತಿನಲ್ಲಿ ಇದನ್ನು ‘ಎಸ್‌ಆರ್-೨೨ ವಿಮೆ’ ಎಂದು ಕರೆಯುವುದುಂಟು. ಆದರೆ ಇದು ಸ್ವತಃ ವಿಮೆಯಲ್ಲ. ವಿಮೆ ಎಂದಿನಂತೆ ಪ್ರತ್ಯೇಕ ಪಾಲಿಸಿಯಾಗಿಯೇ ಇರುತ್ತದೆ. ಎಸ್‌ಆರ್-೨೨ ಆ ಪಾಲಿಸಿಗೆ ವಿಮಾ ಕಂಪನಿ ನೀಡುವ ಸಾಕ್ಷ್ಯ ಮಾತ್ರ. ಅಪರಾಧಿಯನ್ನು ದಂಡಿಸುವುದು ಇದರ ಮುಖ್ಯ ಉದ್ದೇಶವೂ ಅಲ್ಲ. ಒಮ್ಮೆ ಅಪಾಯಕಾರಿಯಾಗಿ ವಾಹನ ಓಡಿಸಿದ ವ್ಯಕ್ತಿ ಮತ್ತೆ ರಸ್ತೆಗಿಳಿದು ಯಾರಿಗಾದರೂ ಹಾನಿ ಮಾಡಿದರೆ, ಹಾನಿಗೊಳಗಾದವರಿಗೆ ಪರಿಹಾರದ ಹಣ ದೊರೆಯುವಂತೆ ನೋಡಿಕೊಳ್ಳುವುದೇ ಇದರ ಗುರಿ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಮೋಟಾರು ವಾಹನಗಳ ಸಂಖ್ಯೆ ವೇಗವಾಗಿ ಹೆಚ್ಚಿತು. ಅದರೊಂದಿಗೆ ಅಪಘಾತಗಳೂ ಹೆಚ್ಚಿದವು. ಗಾಯಗೊಂಡವರು ನ್ಯಾಯಾಲಯದಲ್ಲಿ ಗೆದ್ದರೂ ತಪ್ಪಿತಸ್ಥ ಚಾಲಕರ ಬಳಿ ಹಣವಿಲ್ಲದ ಕಾರಣ ತೀರ್ಪು ಕಾಗದದಲ್ಲಿಯೇ ಉಳಿಯುತ್ತಿತ್ತು. ಈ ಸಮಸ್ಯೆಗೆ ಎರಡು ರಾಜ್ಯಗಳು ಎರಡು ಬಗೆಯ ಪರಿಹಾರ ಕಂಡುಕೊಂಡವು. ಮ್ಯಾಸಚೂಸೆಟ್ಸ್ ರಾಜ್ಯವು ೧೯೨೫ರಲ್ಲಿ ಎಲ್ಲ ವಾಹನಗಳಿಗೂ ಹೊಣೆಗಾರಿಕೆ ವಿಮೆಯನ್ನು ಕಡ್ಡಾಯಗೊಳಿಸುವ ಶಾಸನ ರೂಪಿಸಿ ೧೯೨೭ರ ಜನವರಿ ೧ರಿಂದ ಜಾರಿಗೆ ತಂದಿತು. ಕನೆಕ್ಟಿಕಟ್ ರಾಜ್ಯವು ಅದೇ ೧೯೨೫ರಲ್ಲಿ ‘ಆರ್ಥಿಕ ಹೊಣೆಗಾರಿಕೆ’ ಶಾಸನವನ್ನು ಅಂಗೀಕರಿಸಿತು. ಇದರ ಪ್ರಕಾರ ಎಲ್ಲರೂ ಮೊದಲೇ ವಿಮೆ ಮಾಡಿಸಬೇಕಾಗಿರಲಿಲ್ಲ. ಅಪಘಾತ ಅಥವಾ ಅಪರಾಧ ನಡೆದ ನಂತರ ಮಾತ್ರ, ಮುಂದಿನ ಹಾನಿಯನ್ನು ಭರಿಸುವ ಶಕ್ತಿ ತಮಗಿದೆ ಎಂದು ಚಾಲಕರು ರುಜುವಾತುಪಡಿಸಬೇಕಾಗಿತ್ತು.

ಮುಂದಿನ ದಶಕಗಳಲ್ಲಿ ಬಹುತೇಕ ರಾಜ್ಯಗಳು ಕನೆಕ್ಟಿಕಟ್‌ನ ಮಾದರಿಯನ್ನು ಅನುಸರಿಸಿದವು. ಎಸ್‌ಆರ್-೨೨ರಂತಹ ನಮೂನೆಗಳು ಈ ಶಾಸನಗಳಿಂದ ಬಂದವು. ಆದರೆ ಈ ಮಾದರಿಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಚಾಲಕರ ಮೊದಲ ಅಪಘಾತದಲ್ಲಿ ಗಾಯಗೊಂಡವರಿಗೆ ಇದರಿಂದ ಯಾವ ರಕ್ಷಣೆಯೂ ಸಿಗುತ್ತಿರಲಿಲ್ಲ. ಕಾನೂನು ಎಚ್ಚರಗೊಳ್ಳುತ್ತಿದ್ದುದು ಆ ಬಳಿಕ. ಈ ಕಾರಣದಿಂದ ನ್ಯೂಯಾರ್ಕ್ ೧೯೫೬ರಲ್ಲಿ ಮತ್ತು ನಾರ್ತ್ ಕ್ಯಾರೊಲೈನಾ ೧೯೫೭ರಲ್ಲಿ ಕಡ್ಡಾಯ ವಿಮೆಯ ಶಾಸನಗಳನ್ನು ರೂಪಿಸಿದವು. ಕಾಲಕ್ರಮೇಣ ಉಳಿದ ರಾಜ್ಯಗಳೂ ಇದೇ ದಾರಿ ಹಿಡಿದವು. ಇಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಮಾತ್ರ ಸಾಮಾನ್ಯ ಚಾಲಕರಿಗೆ ವಿಮೆ ಕಡ್ಡಾಯವಲ್ಲ. ಅಲ್ಲಿಯೂ ಮದ್ಯಪಾನ ಮಾಡಿ ವಾಹನ ಓಡಿಸಿದವರು ಎಸ್‌ಆರ್-೨೨ ಸಲ್ಲಿಸಬೇಕಾಗುತ್ತದೆ. ಹೀಗೆ ಕಡ್ಡಾಯ ವಿಮೆ ಬಂದ ಮೇಲೂ ಹಳೆಯ ನಮೂನೆ ಉಳಿದುಕೊಂಡು, ಹೆಚ್ಚಿನ ಅಪಾಯದ ಚಾಲಕರ ಮೇಲೆ ನಿಗಾ ಇಡುವ ಸಾಧನವಾಯಿತು.

ಯಾರಿಗೆ ಅನ್ವಯ

ಎಸ್‌ಆರ್-೨೨ ಸಲ್ಲಿಸುವಂತೆ ಆದೇಶಿಸುವವರು ನ್ಯಾಯಾಲಯ ಅಥವಾ ರಾಜ್ಯದ ಮೋಟಾರು ವಾಹನ ಇಲಾಖೆ, ವಿಮಾ ಕಂಪನಿಯಲ್ಲ. ಕಾರಣಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆಯಾದರೂ ಸಾಮಾನ್ಯವಾಗಿ ಕಂಡುಬರುವವು ಇವು:

• ಮದ್ಯ ಅಥವಾ ಮಾದಕ ವಸ್ತುವಿನ ಅಮಲಿನಲ್ಲಿ ವಾಹನ ಚಾಲನೆ
• ಅಜಾಗರೂಕ ಚಾಲನೆ
• ವಿಮೆಯಿಲ್ಲದೆ ವಾಹನ ಓಡಿಸುವುದು, ಅದರಲ್ಲೂ ಆ ಸ್ಥಿತಿಯಲ್ಲಿ ಅಪಘಾತವಾಗುವುದು
• ಪರವಾನಗಿ ಅಮಾನತಿನಲ್ಲಿದ್ದಾಗಲೂ ವಾಹನ ಓಡಿಸುವುದು
• ಅಲ್ಪಾವಧಿಯಲ್ಲಿ ಹಲವು ಸಂಚಾರ ಉಲ್ಲಂಘನೆಗಳು
• ಅಪಘಾತದ ಪ್ರಕರಣದಲ್ಲಿ ನ್ಯಾಯಾಲಯ ವಿಧಿಸಿದ ಪರಿಹಾರವನ್ನು ಪಾವತಿಸದಿರುವುದು

ಇವುಗಳಲ್ಲಿ ಹೆಚ್ಚು ಚರ್ಚೆಗೊಳಗಾದುದು ಮದ್ಯಪಾನ ಮಾಡಿ ವಾಹನ ಓಡಿಸುವ ಅಪರಾಧ. ರಕ್ತದಲ್ಲಿ ಮದ್ಯದ ಪ್ರಮಾಣಕ್ಕೆ ಶೇ. ೦.೦೮ರ ಮಿತಿಯನ್ನು ಅಳವಡಿಸಿಕೊಳ್ಳದ ರಾಜ್ಯಗಳ ಹೆದ್ದಾರಿ ಅನುದಾನವನ್ನು ಕಡಿತಗೊಳಿಸುವ ಕೇಂದ್ರ ಶಾಸನ ೨೦೦೦ದಲ್ಲಿ ಬಂದಿತು. ೨೦೦೪ರ ವೇಳೆಗೆ ಎಲ್ಲ ರಾಜ್ಯಗಳೂ ಈ ಮಿತಿಯನ್ನು ಒಪ್ಪಿಕೊಂಡಿದ್ದವು. ಯೂಟಾ ರಾಜ್ಯವು ೨೦೧೮ರ ಡಿಸೆಂಬರ್ ೩೦ರಿಂದ ಮಿತಿಯನ್ನು ಶೇ. ೦.೦೫ಕ್ಕೆ ಇಳಿಸಿತು.

ಕಾರ್ಯವಿಧಾನ

ಆದೇಶ ಬಂದ ನಂತರ ಚಾಲಕರು ತಮ್ಮ ವಿಮಾ ಕಂಪನಿಗೆ ವಿಷಯ ತಿಳಿಸಬೇಕು. ಎಲ್ಲ ಕಂಪನಿಗಳೂ ಎಸ್‌ಆರ್-೨೨ ಸಲ್ಲಿಸುವುದಿಲ್ಲ. ತಮ್ಮ ಕಂಪನಿ ಒಪ್ಪದಿದ್ದರೆ ಬೇರೆ ಕಂಪನಿಯನ್ನು ಹುಡುಕಬೇಕಾಗುತ್ತದೆ. ಒಪ್ಪಿದ ಕಂಪನಿಯು ಸಾಮಾನ್ಯವಾಗಿ ೨೫ ಡಾಲರ್ ಆಸುಪಾಸಿನ ಶುಲ್ಕ ಪಡೆದು ಪ್ರಮಾಣಪತ್ರವನ್ನು ನೇರವಾಗಿ ಇಲಾಖೆಗೆ ಕಳುಹಿಸುತ್ತದೆ. ಅಮಾನತಿನ ಅವಧಿ ಮುಗಿದು, ದಂಡ ಹಾಗೂ ಇತರ ಷರತ್ತುಗಳು ಪೂರ್ಣಗೊಂಡ ಬಳಿಕ ಪರವಾನಗಿ ಮರಳಿ ದೊರೆಯುತ್ತದೆ.

ಪ್ರಮಾಣಪತ್ರದಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಸ್ವಂತ ವಾಹನ ಉಳ್ಳವರಿಗೆ ಮಾಲೀಕರ ಪ್ರಮಾಣಪತ್ರ, ಸ್ವಂತ ವಾಹನವಿಲ್ಲದೆ ಇತರರ ವಾಹನ ಓಡಿಸುವವರಿಗೆ ಚಾಲಕರ ಪ್ರಮಾಣಪತ್ರ, ಎರಡಕ್ಕೂ ಅನ್ವಯಿಸುವಂತೆ ಮಾಲೀಕ-ಚಾಲಕರ ಪ್ರಮಾಣಪತ್ರ. ಎರಡನೆಯ ಬಗೆಯವರು ‘ವಾಹನರಹಿತ ಪಾಲಿಸಿ’ ಎಂಬ ವಿಶೇಷ ವಿಮೆ ಪಡೆಯಬಹುದು. ಕಾರನ್ನು ಮಾರಿದ ಮಾತ್ರಕ್ಕೆ ಎಸ್‌ಆರ್-೨೨ರ ಹೊಣೆ ತಾನಾಗಿ ಕೊನೆಗೊಳ್ಳುವುದಿಲ್ಲವಾದ್ದರಿಂದ ಈ ಪಾಲಿಸಿಗೆ ಮಹತ್ವವಿದೆ. ಹಲವು ರಾಜ್ಯಗಳಲ್ಲಿ ವಿಮೆಯ ಬದಲಾಗಿ ನಗದು ಠೇವಣಿ ಅಥವಾ ಜಾಮೀನು ಮುಚ್ಚಳಿಕೆ ನೀಡಲು ಅವಕಾಶವಿದ್ದರೂ, ಅದಕ್ಕೆ ಬೇಕಾದ ಮೊತ್ತ ದೊಡ್ಡದಾದ್ದರಿಂದ ಹೆಚ್ಚಿನವರು ವಿಮೆಯನ್ನೇ ಆಯ್ದುಕೊಳ್ಳುತ್ತಾರೆ.

ಹೆಚ್ಚಿನ ರಾಜ್ಯಗಳಲ್ಲಿ ಪ್ರಮಾಣಪತ್ರವು ಮೂರು ವರ್ಷಗಳ ಕಾಲ ಜಾರಿಯಲ್ಲಿರಬೇಕು. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಎರಡು ವರ್ಷ ಸಾಕಾಗುತ್ತದೆ. ಈ ಅವಧಿಯಲ್ಲಿ ಕಂತು ಕಟ್ಟದೆ ಪಾಲಿಸಿ ರದ್ದಾದರೆ ವಿಮಾ ಕಂಪನಿಯು ಎಸ್‌ಆರ್-೨೬ ಎಂಬ ಇನ್ನೊಂದು ನಮೂನೆಯ ಮೂಲಕ ಇಲಾಖೆಗೆ ತಿಳಿಸುತ್ತದೆ. ಆಗ ಪರವಾನಗಿ ಮತ್ತೆ ಅಮಾನತಿಗೆ ಒಳಗಾಗುತ್ತದೆ. ಹಲವು ರಾಜ್ಯಗಳಲ್ಲಿ ಅವಧಿಯ ಎಣಿಕೆಯೂ ಮೊದಲಿನಿಂದ ಆರಂಭವಾಗುತ್ತದೆ. ಎರಡೂವರೆ ವರ್ಷ ತಪ್ಪದೆ ಕಂತು ಕಟ್ಟಿದವರು ಒಂದು ತಿಂಗಳು ತಪ್ಪಿದರೂ ಪುನಃ ಮೂರು ವರ್ಷ ಕಾಯಬೇಕಾಗಿ ಬರಬಹುದು. ಆದ್ದರಿಂದ ಕಂಪನಿ ಬದಲಿಸುವವರು ಹೊಸ ಕಂಪನಿಯ ಪ್ರಮಾಣಪತ್ರ ಇಲಾಖೆಗೆ ತಲುಪಿದ ನಂತರವೇ ಹಳೆಯ ಪಾಲಿಸಿಯನ್ನು ಕೈಬಿಡುವುದು ರೂಢಿ. ಬೇರೆ ರಾಜ್ಯಕ್ಕೆ ವಾಸ ಬದಲಿಸಿದರೂ ಆದೇಶ ನೀಡಿದ ರಾಜ್ಯದ ಷರತ್ತನ್ನು ಅವಧಿ ಮುಗಿಯುವವರೆಗೆ ಪಾಲಿಸಬೇಕಾಗುತ್ತದೆ.

ವಿಮೆಯ ಮಿತಿಗಳು

ಅಮೆರಿಕದ ಹೊಣೆಗಾರಿಕೆ ವಿಮೆಯ ಮಿತಿಗಳನ್ನು ಮೂರು ಸಂಖ್ಯೆಗಳಲ್ಲಿ ಸೂಚಿಸಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ೨೦೨೫ರ ಜನವರಿ ೧ರಿಂದ ಜಾರಿಯಲ್ಲಿರುವ ಕನಿಷ್ಠ ಮಿತಿ ೩೦/೬೦/೧೫. ಅಂದರೆ ಗಾಯ ಅಥವಾ ಸಾವಿಗೆ ಒಬ್ಬ ವ್ಯಕ್ತಿಗೆ ೩೦,೦೦೦ ಡಾಲರ್, ಒಂದು ಅಪಘಾತಕ್ಕೆ ಒಟ್ಟು ೬೦,೦೦೦ ಡಾಲರ್ ಹಾಗೂ ಆಸ್ತಿ ಹಾನಿಗೆ ೧೫,೦೦೦ ಡಾಲರ್. ಅದಕ್ಕೆ ಮುನ್ನ ಈ ಮಿತಿ ೧೫/೩೦/೫ ಆಗಿತ್ತು.

ಎಸ್‌ಆರ್-೨೨ ಈ ಕನಿಷ್ಠ ಮಿತಿಯನ್ನಷ್ಟೇ ಖಾತರಿಪಡಿಸುತ್ತದೆ. ಉದಾಹರಣೆಗೆ, ಪಾದಚಾರಿಯೊಬ್ಬರಿಗೆ ೮೦,೦೦೦ ಡಾಲರ್ ಹಾನಿಯಾಗಿದ್ದು ಚಾಲಕರ ಬಳಿ ಕ್ಯಾಲಿಫೋರ್ನಿಯಾದ ಕನಿಷ್ಠ ವಿಮೆ ಮಾತ್ರ ಇದ್ದರೆ, ಕಂಪನಿ ಕೊಡುವುದು ೩೦,೦೦೦ ಡಾಲರ್. ಉಳಿದ ೫೦,೦೦೦ ಡಾಲರ್ ಚಾಲಕರ ವೈಯಕ್ತಿಕ ಹೊಣೆ. ಇದಲ್ಲದೆ, ಹೊಣೆಗಾರಿಕೆ ವಿಮೆಯು ಚಾಲಕರ ಸ್ವಂತ ಗಾಯಕ್ಕಾಗಲಿ ಸ್ವಂತ ವಾಹನದ ದುರಸ್ತಿಗಾಗಲಿ ಹಣ ಕೊಡುವುದಿಲ್ಲ.

ಈ ಕನಿಷ್ಠ ಮಿತಿ ಸಾಲದೆಂದು ಭಾವಿಸಿದ ಫ್ಲಾರಿಡಾ ಮತ್ತು ವರ್ಜೀನಿಯಾ ರಾಜ್ಯಗಳು ಎಫ್‌ಆರ್-೪೪ ಎಂಬ ಹೆಚ್ಚು ಕಠಿಣವಾದ ಪ್ರಮಾಣಪತ್ರವನ್ನು ಜಾರಿಗೆ ತಂದವು. ಫ್ಲಾರಿಡಾದಲ್ಲಿ ೨೦೦೭ರ ಅಕ್ಟೋಬರ್‌ನಿಂದ, ಮದ್ಯಪಾನ ಮಾಡಿ ವಾಹನ ಓಡಿಸಿ ಶಿಕ್ಷೆಗೊಳಗಾದವರು ೧೦೦/೩೦೦/೫೦ ಮಿತಿಯ ವಿಮೆ ಹೊಂದಿರಬೇಕು. ಇತರರ ದೈಹಿಕ ಗಾಯಕ್ಕೆ ಪರಿಹಾರ ಕೊಡುವ ವಿಮೆಯನ್ನು ಎಲ್ಲ ಚಾಲಕರಿಗೂ ಕಡ್ಡಾಯಗೊಳಿಸಿರದ ರಾಜ್ಯದಲ್ಲಿ ಇದು ಗಮನಾರ್ಹ ಏರಿಕೆ. ವರ್ಜೀನಿಯಾದಲ್ಲಿ ಎಫ್‌ಆರ್-೪೪ರ ಮಿತಿ ಸಾಮಾನ್ಯ ಕನಿಷ್ಠ ಮಿತಿಯ ಎರಡರಷ್ಟು.

ವಿಮಾ ಕಂತಿನ ಮೇಲಿನ ಪರಿಣಾಮ

ಪ್ರಮಾಣಪತ್ರದ ಶುಲ್ಕ ಅಲ್ಪವಾದರೂ ವಿಮಾ ಕಂತು ಗಣನೀಯವಾಗಿ ಏರುತ್ತದೆ. ಏರಿಕೆಗೆ ಮೂಲ ಕಾರಣ ನಮೂನೆಯಲ್ಲ, ಅದಕ್ಕೆ ಕಾರಣವಾದ ಅಪರಾಧ. ಕಂಪನಿಗಳು ಹೊಸ ಪಾಲಿಸಿ ನೀಡುವಾಗ ಮತ್ತು ನವೀಕರಿಸುವಾಗ ಚಾಲಕರ ಚಾಲನಾ ದಾಖಲೆಯನ್ನು ರಾಜ್ಯದಿಂದ ತರಿಸಿಕೊಳ್ಳುತ್ತವೆ. ಗಂಭೀರ ಅಪರಾಧ ಕಂಡುಬಂದರೆ ದರ ಹೆಚ್ಚಿಸಬಹುದು, ರಿಯಾಯಿತಿ ಹಿಂಪಡೆಯಬಹುದು ಅಥವಾ ನವೀಕರಣವನ್ನೇ ನಿರಾಕರಿಸಬಹುದು.

ದರ ನಿಗದಿಯ ನಿಯಮಗಳು ರಾಜ್ಯಗಳಿಗೆ ಸೇರಿದವು. ೧೯೪೫ರ ಮೆಕ್ಯಾರನ್-ಫರ್ಗುಸನ್ ಕಾಯಿದೆಯು ವಿಮಾ ವ್ಯವಹಾರದ ನಿಯಂತ್ರಣವನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ ೧೯೮೮ರ ಜನಮತದಲ್ಲಿ ಅಂಗೀಕೃತವಾದ ‘ಪ್ರಸ್ತಾವ ೧೦೩’ ಉತ್ತಮ ಚಾಲಕರಿಗೆ ಕನಿಷ್ಠ ಶೇ. ೨೦ರಷ್ಟು ರಿಯಾಯಿತಿ ನೀಡಬೇಕೆಂದು ವಿಧಿಸುತ್ತದೆ. ಮದ್ಯಪಾನ ಮಾಡಿ ವಾಹನ ಓಡಿಸಿ ಶಿಕ್ಷೆಗೊಳಗಾದವರು ಹತ್ತು ವರ್ಷಗಳ ಕಾಲ ಈ ರಿಯಾಯಿತಿಗೆ ಅರ್ಹರಲ್ಲ. ಆದ್ದರಿಂದ ಎಸ್‌ಆರ್-೨೨ರ ಮೂರು ವರ್ಷ ಮುಗಿದರೂ ಅಪರಾಧದ ಆರ್ಥಿಕ ಪರಿಣಾಮ ಬಹುಕಾಲ ಮುಂದುವರಿಯುತ್ತದೆ. ನಾರ್ತ್ ಕ್ಯಾರೊಲೈನಾದಲ್ಲಿ ಅಪರಾಧಗಳಿಗೆ ವಿಮಾ ಅಂಕಗಳನ್ನು ನೀಡಿ ಅದರಂತೆ ಹೆಚ್ಚುವರಿ ಕಂತು ವಿಧಿಸುವ ಪದ್ಧತಿಯಿದ್ದು, ಅಮಲಿನಲ್ಲಿ ವಾಹನ ಓಡಿಸಿದ್ದಕ್ಕೆ ೧೨ ಅಂಕಗಳನ್ನು ಹಾಕಲಾಗುತ್ತದೆ.

ವಿಮೆ ನಿರಾಕರಿಸಲ್ಪಟ್ಟವರಿಗೆ ವ್ಯವಸ್ಥೆ

ವಿಮೆ ಕಡ್ಡಾಯವಾದಾಗ, ಯಾವ ಕಂಪನಿಯೂ ವಿಮೆ ಕೊಡಲು ಒಪ್ಪದ ಚಾಲಕರ ಗತಿಯೇನು ಎಂಬ ಪ್ರಶ್ನೆ ಸಹಜವಾಗಿ ಎದುರಾಗುತ್ತದೆ. ಇದಕ್ಕೆ ಮೊದಲ ಉತ್ತರ ‘ಅಪ್ರಮಾಣಿತ’ ವಿಮಾ ಮಾರುಕಟ್ಟೆ. ಹೆಚ್ಚು ಕಂತು ಪಡೆದು ಹೆಚ್ಚಿನ ಅಪಾಯದ ಚಾಲಕರನ್ನು ಒಪ್ಪಿಕೊಳ್ಳುವ ಕಂಪನಿಗಳು ಇಲ್ಲಿರುತ್ತವೆ. ೧೯೩೭ರಲ್ಲಿ ಓಹಾಯೊದಲ್ಲಿ ಸ್ಥಾಪನೆಯಾದ ಪ್ರೊಗ್ರೆಸಿವ್ ಸಂಸ್ಥೆಯು ೧೯೫೬ರಲ್ಲಿ ಇಂತಹ ಚಾಲಕರಿಗಾಗಿ ಪ್ರತ್ಯೇಕ ಕಂಪನಿಯನ್ನು ಆರಂಭಿಸಿತು.

ಎರಡನೆಯ ಉತ್ತರ ಹಂಚಿಕೆ ಯೋಜನೆ. ರಾಜ್ಯದಲ್ಲಿ ವ್ಯವಹರಿಸುವ ವಿಮಾ ಕಂಪನಿಗಳು ತಿರಸ್ಕೃತ ಚಾಲಕರನ್ನು ತಮ್ಮ ವ್ಯಾಪಾರದ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳುವುದು ಇದರ ತತ್ತ್ವ. ಇಂತಹ ಮೊದಲ ಯೋಜನೆ ೧೯೩೮ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯಾ ಈ ಹಂಚಿಕೆಯನ್ನು ಕಂಪನಿಗಳಿಗೆ ಕಡ್ಡಾಯಗೊಳಿಸಿದಾಗ ವಿಮಾ ಸಂಸ್ಥೆಯೊಂದು ಅದನ್ನು ಪ್ರಶ್ನಿಸಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೫೧ರಲ್ಲಿ ಆ ಶಾಸನವನ್ನು ಎತ್ತಿಹಿಡಿಯಿತು. ಮೇರಿಲ್ಯಾಂಡ್ ಬೇರೆ ದಾರಿ ಹಿಡಿದು, ಖಾಸಗಿ ಕಂಪನಿಗಳು ನಿರಾಕರಿಸಿದವರಿಗಾಗಿ ಶಾಸನದ ಮೂಲಕವೇ ಒಂದು ವಿಮಾ ನಿಧಿಯನ್ನು ೧೯೭೦ರ ದಶಕದ ಆರಂಭದಲ್ಲಿ ಸ್ಥಾಪಿಸಿತು.

ರಾಜ್ಯವಾರು ವ್ಯತ್ಯಾಸ

ಎಲ್ಲ ರಾಜ್ಯಗಳೂ ಎಸ್‌ಆರ್-೨೨ ಬಳಸುವುದಿಲ್ಲ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ನಾರ್ತ್ ಕ್ಯಾರೊಲೈನಾ, ಕೆಂಟಕಿ ಮುಂತಾದ ರಾಜ್ಯಗಳಲ್ಲಿ ಈ ನಮೂನೆಯ ಪದ್ಧತಿ ಇಲ್ಲ. ಆದರೆ ಅಲ್ಲಿಯೂ ವಿಮೆ ಕಡ್ಡಾಯವಾಗಿದ್ದು, ಅಪರಾಧ ಎಸಗಿದವರ ಕಂತು ಏರುತ್ತದೆ. ಜಾರ್ಜಿಯಾ ಮುಂತಾದ ಕೆಲವು ರಾಜ್ಯಗಳಲ್ಲಿ ವಿಮೆಯ ನಿಯಮಗಳನ್ನು ಪದೇ ಪದೇ ಮೀರಿದವರಿಗೆ ಎಸ್‌ಆರ್-೨೨ಎ ಎಂಬ ನಮೂನೆಯಿದೆ. ಇದರಲ್ಲಿ ಕಂತನ್ನು ತಿಂಗಳಿಗೊಮ್ಮೆ ಕಟ್ಟುವ ಬದಲು ಮುಂಗಡವಾಗಿ ಪಾವತಿಸಬೇಕಾಗುತ್ತದೆ. ರಾಜ್ಯಗಳ ನಡುವಿನ ಚಾಲನಾ ಪರವಾನಗಿ ಒಡಂಬಡಿಕೆಯ ಮೂಲಕ ಒಂದು ರಾಜ್ಯದ ಶಿಕ್ಷೆಯ ವಿವರ ತವರು ರಾಜ್ಯಕ್ಕೆ ತಲುಪುವುದರಿಂದ, ಬೇರೆಡೆ ನಡೆದ ಅಪರಾಧವನ್ನು ಮರೆಮಾಚುವುದು ಸುಲಭವಲ್ಲ.

ನ್ಯಾಯಾಲಯದ ತೀರ್ಪುಗಳು

ಆರ್ಥಿಕ ಹೊಣೆಗಾರಿಕೆ ಶಾಸನಗಳ ವ್ಯಾಪ್ತಿಯನ್ನು ೧೯೭೧ರ ಎರಡು ತೀರ್ಪುಗಳು ಸೀಮಿತಗೊಳಿಸಿದವು. ಮೊದಲನೆಯದು ಬೆಲ್ ವಿರುದ್ಧ ಬರ್ಸನ್. ಜಾರ್ಜಿಯಾದ ಗ್ರಾಮೀಣ ಪ್ರದೇಶದಲ್ಲಿ ಮೂರು ಸಮುದಾಯಗಳಿಗೆ ಕಾರಿನಲ್ಲಿ ಓಡಾಡಿ ಸೇವೆ ಸಲ್ಲಿಸುತ್ತಿದ್ದ ಪಾದ್ರಿಯೊಬ್ಬರ ಕಾರಿಗೆ ೧೯೬೮ರಲ್ಲಿ ಐದು ವರ್ಷದ ಬಾಲಕಿಯೊಬ್ಬಳ ಸೈಕಲ್ ಡಿಕ್ಕಿ ಹೊಡೆಯಿತು. ಪಾದ್ರಿಗೆ ವಿಮೆ ಇರಲಿಲ್ಲ. ಬಾಲಕಿಯ ಪೋಷಕರು ಕೇಳಿದ ೫,೦೦೦ ಡಾಲರ್‌ಗೆ ಭದ್ರತೆ ಒದಗಿಸದಿದ್ದರೆ ಪರವಾನಗಿ ಅಮಾನತಾಗುವುದೆಂದು ರಾಜ್ಯ ತಿಳಿಸಿತು. ತಪ್ಪು ಯಾರದೆಂಬ ವಿಚಾರಣೆಗೆ ಅವಕಾಶ ಕೊಡಲಿಲ್ಲ. ಒಮ್ಮೆ ನೀಡಿದ ಪರವಾನಗಿಯು ಜೀವನೋಪಾಯಕ್ಕೆ ಅಗತ್ಯವಾಗಬಹುದಾದ್ದರಿಂದ, ಹೊಣೆಗಾರಿಕೆಯ ಸಾಧ್ಯತೆಯನ್ನು ವಿಚಾರಿಸದೆ ಅದನ್ನು ಕಿತ್ತುಕೊಳ್ಳುವುದು ಸಂವಿಧಾನಬಾಹಿರ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು.

ಎರಡನೆಯದು ಅರಿಜೋನಾ ರಾಜ್ಯಕ್ಕೆ ಸಂಬಂಧಿಸಿದ ಪೆರೆಜ್ ವಿರುದ್ಧ ಕ್ಯಾಂಪ್‌ಬೆಲ್. ಅಪಘಾತದ ಪರಿಹಾರದ ಸಾಲವು ದಿವಾಳಿತನದ ಕಾನೂನಿನಡಿ ಮನ್ನಾ ಆದ ಮೇಲೂ, ಅದನ್ನು ತೀರಿಸಿಲ್ಲವೆಂಬ ಕಾರಣಕ್ಕೆ ಪರವಾನಗಿಯನ್ನು ತಡೆಹಿಡಿಯುವ ರಾಜ್ಯ ಶಾಸನವು ಕೇಂದ್ರದ ದಿವಾಳಿ ಕಾಯಿದೆಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು.

ಟೀಕೆಗಳು

ಈ ವ್ಯವಸ್ಥೆಯಲ್ಲಿ ಎರಡು ಹಿತಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಹಾನಿಗೊಳಗಾದವರಿಗೆ ಪರಿಹಾರ ಸಿಗಲೇಬೇಕು. ಅದೇ ವೇಳೆ, ಸಾರ್ವಜನಿಕ ಸಾರಿಗೆ ವಿರಳವಾಗಿರುವ ಅಮೆರಿಕದ ಬಹುಭಾಗದಲ್ಲಿ ಕಾರಿಲ್ಲದೆ ಉದ್ಯೋಗ ಉಳಿಸಿಕೊಳ್ಳುವುದು ಕಷ್ಟ. ಕಂತು ಕೈಗೆಟುಕದಷ್ಟು ಏರಿದಾಗ ಕೆಲವರು ವಿಮೆಯನ್ನು ಬಿಟ್ಟು ಗುಟ್ಟಾಗಿ ವಾಹನ ಓಡಿಸುತ್ತಾರೆ. ಆಗ ಯಾರ ರಕ್ಷಣೆಗಾಗಿ ಈ ಕಾನೂನು ಬಂದಿತೋ ಅವರೇ ಮತ್ತೆ ಪರಿಹಾರವಿಲ್ಲದೆ ಉಳಿಯುತ್ತಾರೆ. ಇನ್ಶೂರೆನ್ಸ್ ರಿಸರ್ಚ್ ಕೌನ್ಸಿಲ್ ಅಂದಾಜಿನಂತೆ ೨೦೧೯ರಲ್ಲಿ ಅಮೆರಿಕದ ಚಾಲಕರಲ್ಲಿ ಶೇ. ೧೨.೬ರಷ್ಟು, ಅಂದರೆ ಸುಮಾರು ಎಂಟರಲ್ಲಿ ಒಬ್ಬರು ವಿಮೆ ಹೊಂದಿರಲಿಲ್ಲ. ಇವರೆಲ್ಲರೂ ಅಪರಾಧದ ಹಿನ್ನೆಲೆಯವರೆಂದು ಭಾವಿಸುವಂತಿಲ್ಲ.

ಎಸ್‌ಆರ್-೨೨ ಹಣದ ಖಾತರಿ ನೀಡುತ್ತದೆಯೇ ಹೊರತು ಅಪಾಯಕಾರಿ ಚಾಲನೆಯನ್ನು ನೇರವಾಗಿ ತಡೆಯುವುದಿಲ್ಲ ಎಂಬುದು ಇನ್ನೊಂದು ಟೀಕೆ. ಈ ಕಾರಣಕ್ಕಾಗಿ ರಾಜ್ಯಗಳು ಅದರೊಂದಿಗೆ ಚಿಕಿತ್ಸೆ ಹಾಗೂ ತರಬೇತಿ ಕಾರ್ಯಕ್ರಮಗಳನ್ನೂ, ಚಾಲಕರ ಉಸಿರಿನಲ್ಲಿ ಮದ್ಯಾಂಶ ಕಂಡುಬಂದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನದ ಅಳವಡಿಕೆಯನ್ನೂ ವಿಧಿಸುತ್ತವೆ.

ಭಾರತದ ಪದ್ಧತಿಯೊಂದಿಗೆ ಹೋಲಿಕೆ

ಭಾರತದಲ್ಲಿ ಎಸ್‌ಆರ್-೨೨ಕ್ಕೆ ಸಮಾನವಾದ ಪ್ರಮಾಣಪತ್ರವಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೪೬ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಗಳಿಗೆ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯಗೊಳಿಸಿದೆ. ಅಮೆರಿಕದಲ್ಲಿ ವಿಮೆಯ ದರ ಹೆಚ್ಚಾಗಿ ಚಾಲಕರ ಇತಿಹಾಸವನ್ನು ಅವಲಂಬಿಸಿದರೆ, ಭಾರತದಲ್ಲಿ ಥರ್ಡ್ ಪಾರ್ಟಿ ದರ ವಾಹನವನ್ನು ಅವಲಂಬಿಸುತ್ತದೆ. ೨೦೨೨ರ ಜೂನ್ ೧ರಿಂದ ಜಾರಿಗೆ ಬಂದ ದರಪಟ್ಟಿಯಂತೆ ೧,೦೦೦ ಸಿಸಿ ಮೀರದ ಖಾಸಗಿ ಕಾರಿಗೆ ವಾರ್ಷಿಕ ೨,೦೯೪ ರೂಪಾಯಿ, ೧,೦೦೦ದಿಂದ ೧,೫೦೦ ಸಿಸಿವರೆಗಿನ ಕಾರಿಗೆ ೩,೪೧೬ ರೂಪಾಯಿ ನಿಗದಿಯಾಯಿತು. ಮಾಲೀಕರು ಹಿಂದೆ ದಂಡ ತೆತ್ತವರೇ ಅಲ್ಲವೇ ಎಂಬುದರಿಂದ ಈ ಮೊತ್ತ ಬದಲಾಗುವುದಿಲ್ಲ. ಸ್ವಂತ ವಾಹನದ ಹಾನಿಯ ವಿಮೆಯಲ್ಲಿ ಕ್ಲೇಮು ಮಾಡದವರಿಗೆ ಶೇ. ೫೦ರವರೆಗೆ ರಿಯಾಯಿತಿ ಸಿಗುತ್ತದೆಯಾದರೂ, ಅದು ಕ್ಲೇಮಿಗೆ ಸಂಬಂಧಿಸಿದ್ದು, ಸಂಚಾರ ಅಪರಾಧಕ್ಕಲ್ಲ.

ಮದ್ಯಪಾನದ ಮಿತಿ ಮಾತ್ರ ಭಾರತದಲ್ಲಿ ಹೆಚ್ಚು ಕಠಿಣವಾಗಿದೆ. ಕಾಯಿದೆಯ ೧೮೫ನೇ ಸೆಕ್ಷನ್ ಪ್ರಕಾರ ೧೦೦ ಮಿಲಿಲೀಟರ್ ರಕ್ತದಲ್ಲಿ ೩೦ ಮಿಲಿಗ್ರಾಂ ಮೀರಿದ ಮದ್ಯಾಂಶ, ಅಂದರೆ ಶೇ. ೦.೦೩ನ್ನು ಮೀರಿದ ಪ್ರಮಾಣ ಅಪರಾಧ. ೨೦೧೯ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, ೧೦,೦೦೦ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂಚಾರ ಅಪರಾಧಗಳನ್ನು ವಿಮಾ ಕಂತಿಗೆ ಜೋಡಿಸುವ ವಿಚಾರ ಭಾರತದಲ್ಲಿಯೂ ಚರ್ಚೆಯಾಗಿದೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ನೇಮಿಸಿದ ಕಾರ್ಯತಂಡದ ವರದಿ ೨೦೨೧ರ ಜನವರಿಯಲ್ಲಿ ಪ್ರಕಟವಾಯಿತು. ಪಾಲಿಸಿಯಲ್ಲಿ ‘ಸಂಚಾರ ಉಲ್ಲಂಘನೆ ಕಂತು’ ಎಂಬ ಪ್ರತ್ಯೇಕ ಭಾಗ ಸೇರಿಸಿ, ಅಪರಾಧದ ತೀವ್ರತೆಗೆ ತಕ್ಕಂತೆ ಅಂಕ ನೀಡಿ, ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭಿಸಬೇಕೆಂದು ಅದು ಶಿಫಾರಸು ಮಾಡಿತು.

ಶಿಕ್ಷಣ ಅಥವಾ ಉದ್ಯೋಗಕ್ಕಾಗಿ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ಆಯಾ ರಾಜ್ಯದ ಎಸ್‌ಆರ್-೨೨ ನಿಯಮಗಳು ಇತರರಂತೆಯೇ ಅನ್ವಯಿಸುತ್ತವೆ. ವೀಸಾದ ಮೇಲೆ ಇರುವವರ ವಿಷಯದಲ್ಲಿ, ಮದ್ಯಪಾನ ಮಾಡಿ ವಾಹನ ಓಡಿಸಿದ ಆರೋಪದ ಮೇಲಿನ ಬಂಧನವು ವೀಸಾ ರದ್ದತಿಗೂ ಕಾರಣವಾಗಬಹುದು. ಈ ಕ್ರಮವು ವಿಮೆ ಮತ್ತು ಪರವಾನಗಿಯ ಪ್ರಕ್ರಿಯೆಗಳಿಂದ ಬೇರೆಯಾದದ್ದು. ಎಸ್‌ಆರ್-೨೨ ಸಲ್ಲಿಸಿದ ಮಾತ್ರಕ್ಕೆ ಅದು ತಪ್ಪುವುದಿಲ್ಲ.